ಪಿಕಪ್ ಗಾಡಿಯ ಆಯ್ಕೆ: ಎಳೆಯುವ ಚಕ್ರಗಳು ಎರಡೋ ನಾಲ್ಕೋ?

ಚಿತ್ರದುರ್ಗದ ಸುತ್ತಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಎತ್ತಿನ ಗಾಡಿಗಿದ್ದ ಸ್ಥಾನವು ಈಗ ಬಹುಮಟ್ಟಿಗೆ ಪಿಕಪ್ ಗಾಡಿಗೆ ಸಂದಿದೆ. ಹೊಲದ ಈರುಳ್ಳಿ, ತೋಟದ ತೆಂಗು, ಅಡಕೆ, ದಾಳಿಂಬೆ, ಸಂತೆಯ ಕುರಿ, ಮದುವೆಯ ಪಾತ್ರೆಪಡಗ ಎಲ್ಲವೂ ಅದರ ಬೆನ್ನೇರಿಯೇ ಊರು ಸೇರುತ್ತವೆ. ಇದನ್ನು ಕೊಳ್ಳುವವರು ಸಾಮಾನ್ಯವಾಗಿ ಸಾಲ ಮಾಡಿಯೇ ಕೊಳ್ಳುತ್ತಾರೆ. ಆ ಸಾಲದ ಕಂತು ಹಲವು ವರ್ಷ ಮನೆಯ ಮೇಲಿರುತ್ತದೆ. ಹೀಗಿದ್ದರೂ ಆಯ್ಕೆಯ ಹೊತ್ತಿಗೆ ಅಂಗಡಿಯವರ ಮಾತು, ನೆರೆಯವರ ಮಾತು ಇವೆರಡೇ ಆಧಾರವಾಗಿರುವುದನ್ನು ನಾವು ಕಾಣುತ್ತೇವೆ. ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿ ಘರ್ಷಣೆ, ಸನ್ನೆ, ಇಳಿಜಾರು ಎಂಬ ಪಾಠಗಳಿವೆಯಷ್ಟೆ. ಈ ಪ್ರಶ್ನೆಗೆ ಬೇಕಾದ ಉತ್ತರದ ಬಹುಭಾಗ ಅವುಗಳಲ್ಲಿಯೇ ಅಡಗಿದೆ. ಮನೆಯಲ್ಲಿ ಅಂಥ ಮಾತುಕತೆ ನಡೆಯುತ್ತಿರುವ ವಿದ್ಯಾರ್ಥಿಗಳು ಕಾಗದ ಪೆನ್ಸಿಲುಗಳನ್ನು ಹಿಡಿದು ಕುಳಿತರೆ ಹಿರಿಯರಿಗೆ ನಿಜವಾದ ನೆರವಾದೀತು.

ಕೊಳ್ಳುವವರ ಮುಂದಿರುವ ಪ್ರಶ್ನೆಗಳು ಎರಡು. ಎಂಜಿನಿನ ಬಲವು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗಬೇಕೆ, ನಾಲ್ಕಕ್ಕೂ ಹೋಗಬೇಕೆ ಎಂಬುದು ಮೊದಲನೆಯದು. ಒಂದೇ ಗಾಡಿಯನ್ನು ತಯಾರಕರು ಹಲವು ದರ್ಜೆಗಳಲ್ಲಿ ಮಾರುತ್ತಾರೆ. ಅವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದು ಎರಡನೆಯದು. ಮೊದಲನೆಯದರಲ್ಲಿ ವಿಜ್ಞಾನ ಹೆಚ್ಚು. ಅದನ್ನೇ ಮೊದಲು ನೋಡೋಣ.

ಚಕ್ರವು ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲವು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಈ ತಳ್ಳುವಿಕೆಗೆ ಒಂದು ಮಿತಿಯುಂಟು. ಚಕ್ರದ ಮೇಲೆ ಬೀಳುವ ಭಾರವನ್ನು ಘರ್ಷಣಾಂಕದಿಂದ ಗುಣಿಸಿದರೆ ಬರುವ ಬಲಕ್ಕಿಂತ ಹೆಚ್ಚಿನ ಬಲವನ್ನು ನೆಲವು ಕೊಡಲಾರದು. ಎಂಜಿನು ಎಷ್ಟೇ ದೊಡ್ಡದಿರಲಿ, ಮಿಕ್ಕ ಶಕ್ತಿಯೆಲ್ಲ ಚಕ್ರವನ್ನು ನಿಂತಲ್ಲೇ ತಿರುಗಿಸುವುದರಲ್ಲಿ ವ್ಯಯವಾಗುತ್ತದೆ. ಒಣ ಡಾಂಬರಿನ ಮೇಲೆ ಘರ್ಷಣಾಂಕವು ಸುಮಾರು 0.7ರಷ್ಟಿರುತ್ತದೆ. ಮಳೆ ಬಿದ್ದ ಎರೆಮಣ್ಣಿನ ಮೇಲೆ ಅದು 0.2ರ ಮಟ್ಟಕ್ಕೆ ಇಳಿಯಬಹುದು. ಮೇಲಾಗಿ, ಮೆತ್ತನೆಯ ನೆಲದಲ್ಲಿ ಚಕ್ರ ಹೂತುಕೊಂಡು ಉರುಳುವಿಕೆಗೇ ಅಡ್ಡಿಯಾಗುತ್ತದೆ. ಈ ಅಡ್ಡಿಯನ್ನು ಗಾಡಿಯ ಒಟ್ಟು ತೂಕದ ಹತ್ತರಲ್ಲೊಂದು ಪಾಲು ಎಂದು ಇಟ್ಟುಕೊಳ್ಳೋಣ.

ಈಗ ಲೆಕ್ಕಕ್ಕಾಗಿ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳೋಣ. ಖಾಲಿ ಇರುವಾಗ ಅದರ ತೂಕ 1700 ಕಿ.ಗ್ರಾಂ.; ಅದರಲ್ಲಿ 1000 ಕಿ.ಗ್ರಾಂ. ಮುಂದಿನ ಅಚ್ಚಿನ ಮೇಲೆ, 700 ಕಿ.ಗ್ರಾಂ. ಹಿಂದಿನ ಅಚ್ಚಿನ ಮೇಲೆ. ಎಂಜಿನು ಮುಂದಿರುವುದರಿಂದ ಹೀಗಾಗುತ್ತದೆ. ಅದಕ್ಕೆ 1300 ಕಿ.ಗ್ರಾಂ. ಸರಕು ಹೇರಿದರೆ 1100 ಕಿ.ಗ್ರಾಂ. ಹಿಂದಿನ ಅಚ್ಚಿಗೂ 200 ಕಿ.ಗ್ರಾಂ. ಮುಂದಿನ ಅಚ್ಚಿಗೂ ಹಂಚಿಹೋಗುತ್ತದೆ ಎನ್ನೋಣ. ಆಗ ಒಟ್ಟು 3000 ಕಿ.ಗ್ರಾಂ.ನಲ್ಲಿ ಹಿಂದಿನ ಚಕ್ರಗಳ ಪಾಲು 1800.

ಹಿಂದಿನ ಎರಡೇ ಚಕ್ರಗಳು ಎಳೆಯುವ ಖಾಲಿ ಗಾಡಿಯು ಕೆಸರಿಗಿಳಿದಾಗ ನೆಲವು ಕೊಡಬಲ್ಲ ಬಲ 700ರ 0.2 ಪಾಲು, ಎಂದರೆ 140 ಕಿ.ಗ್ರಾಂ. ಭಾರದಷ್ಟು. ಎದುರಿಸಬೇಕಾದ ಅಡ್ಡಿ 1700ರ ಹತ್ತರಲ್ಲೊಂದು, ಎಂದರೆ 170. ಗಾಡಿ ಕದಲದು. ಅದೇ ಗಾಡಿ ಪೂರ್ಣ ಹೊರೆ ಹೊತ್ತಾಗ ದೊರೆಯುವ ಬಲ 360, ಅಡ್ಡಿ 300. ಸಮನೆಲದಲ್ಲಿ ಅದು ಮುಂದುವರಿಯುತ್ತದೆ. ಉಳಿದ 60 ಕಿ.ಗ್ರಾಂ. ಬಲದಿಂದ 50ಕ್ಕೆ 1ರ ಏರನ್ನಷ್ಟೇ ಹತ್ತಬಲ್ಲದು. ಖಾಲಿ ಗಾಡಿಯೇ ಹೂತುಕೊಳ್ಳುತ್ತದೆ, ಹೇರಿದ ಗಾಡಿ ದಾಟುತ್ತದೆ! ಅನುಭವಿಗಳಾದ ಚಾಲಕರು ಮಳೆಗಾಲದಲ್ಲಿ ಖಾಲಿ ಗಾಡಿಯ ಹಿಂಬದಿಯಲ್ಲಿ ಮರಳಿನ ಚೀಲಗಳನ್ನು ಇಟ್ಟುಕೊಳ್ಳುವುದರ ಮರ್ಮ ಇದೇ. ನಮ್ಮ ಗಾಡಿಯು ಸಮನೆಲದ ಕೆಸರನ್ನು ದಾಟಲು ಬೇಕಾದ ಕನಿಷ್ಠ ಹೊರೆ ಸುಮಾರು 434 ಕಿ.ಗ್ರಾಂ. ಎಂದು ಬೀಜಗಣಿತ ಬಲ್ಲವರು ಒಂದು ಸಮೀಕರಣದಿಂದ ಕಂಡುಕೊಳ್ಳಬಹುದು.

ನಾಲ್ಕೂ ಚಕ್ರಗಳು ಎಳೆಯುವಾಗ ಗಾಡಿಯ ಇಡೀ ತೂಕ ಕೆಲಸಕ್ಕೆ ಬರುತ್ತದೆ. ಖಾಲಿಯಿದ್ದಾಗ ಬಲ 340, ಅಡ್ಡಿ 170. ಹೇರಿದಾಗ ಬಲ 600, ಅಡ್ಡಿ 300. ಎರಡು ಸಂದರ್ಭಗಳಲ್ಲಿಯೂ ಗಾಡಿ 10ಕ್ಕೆ 1ರ ಏರನ್ನು ಹತ್ತುತ್ತದೆ. ಹೊರೆಯ ಪ್ರಶ್ನೆಯೇ ಇಲ್ಲವಾಗುತ್ತದೆ. ವಾಸ್ತವದಲ್ಲಿ ಮಾತ್ರ ಇಷ್ಟು ನಯವಾಗಿ ಎಲ್ಲವೂ ನಡೆಯದು. ಭಾರ ಹೆಚ್ಚಿದಷ್ಟೂ ಚಕ್ರ ಆಳವಾಗಿ ಇಳಿಯುವುದರಿಂದ ಅಡ್ಡಿಯ ಪಾಲು ಹತ್ತರಲ್ಲೊಂದನ್ನು ಮೀರುತ್ತದೆ. ಎರೆಮಣ್ಣು ಟೈರಿನ ಗೀರುಗಳೊಳಗೆ ಮೆತ್ತಿಕೊಂಡು ಹೊಸ ಟೈರನ್ನೂ ಸವೆದ ಟೈರಿನಂತೆ ಮಾಡಿಬಿಡುತ್ತದೆ.

ಈ ಲೆಕ್ಕದಿಂದ ಹೊರಡುವ ಒಂದು ತೀರ್ಮಾನ ಜನರ ಸಾಮಾನ್ಯ ಎಣಿಕೆಗೆ ವಿರುದ್ಧವಾದುದು. ಭಾರ ಹೊರುವವನಿಗೆ ನಾಲ್ಕು ಚಕ್ರದ ಎಳೆತ ಬೇಕು, ಹಗುರವಾಗಿ ಓಡಾಡುವವನಿಗೆ ಎರಡು ಸಾಕು ಎಂದು ಅನೇಕರು ತಿಳಿಯುತ್ತಾರೆ. ನಿಜವಾಗಿ ಅದರ ಅಗತ್ಯ ಹೆಚ್ಚಾಗಿರುವುದು ಖಾಲಿಯಾಗಿಯೋ ಹಗುರವಾಗಿಯೋ ಕೆಟ್ಟ ದಾರಿಯಲ್ಲಿ ಹೋಗಬೇಕಾದವನಿಗೆ. ಚಿತ್ರದುರ್ಗದ ಸುತ್ತಣ ಗುಡ್ಡಗಳ ನೆತ್ತಿಯಲ್ಲಿ ಸಾಲುಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತಾರೆ. ಅವುಗಳ ದುರಸ್ತಿಗೆ ನಾಲ್ಕೈದು ಮಂದಿ ಒಂದಿಷ್ಟು ಉಪಕರಣಗಳೊಡನೆ ಸಡಿಲವಾದ ಗರಸಿನ ದಾರಿಯಲ್ಲಿ ಹತ್ತಬೇಕು. ದಾರಿಯ ಏರು 8ಕ್ಕೆ 1, ಘರ್ಷಣಾಂಕ 0.3, ಉರುಳುವಿಕೆಯ ಅಡ್ಡಿ ನೂರಕ್ಕೆ ಮೂರು ಎಂದಿಟ್ಟುಕೊಂಡರೆ ನಮ್ಮ ಖಾಲಿ ಗಾಡಿಗೆ ಬೇಕಾದ ಬಲ ಸುಮಾರು 264. ಹಿಂದಿನ ಚಕ್ರಗಳಿಂದ ದೊರೆಯುವುದು 210. ಏರಿನಲ್ಲಿ ಭಾರವು ಕೊಂಚ ಹಿಂದಕ್ಕೆ ಸರಿದು ನೆರವಾಗುವುದಾದರೂ ಅದು ಸಾಲದು. ಅಂಥವರು ನಾಲ್ಕು ಚಕ್ರದ ಗಾಡಿಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ.

ಹಿರಿಯೂರಿನ ಕಡೆಯ ಈರುಳ್ಳಿ ಬೆಳೆಗಾರರ ಸ್ಥಿತಿ ಬೇರೆ. ಅವರ ಗಾಡಿ ವರ್ಷದ ಬಹುಭಾಗ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನತ್ತ ಓಡುತ್ತದೆ. ಜಿಲ್ಲೆಯು ಮಳೆನೆರಳಿನ ಸೀಮೆ. ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ ಎಂಬುದನ್ನು ನೆನೆದರೆ ಇಲ್ಲಿ ಕೆಸರಿನ ದಿನಗಳೆಷ್ಟು ಎಂಬುದು ಹೊಳೆಯುತ್ತದೆ. ಆದರೆ ಒಂದು ತೊಡಕುಂಟು. ಮುಂಗಾರು ಈರುಳ್ಳಿ ಕೀಳುವ ಕಾಲಕ್ಕೂ ಸೆಪ್ಟೆಂಬರು, ಅಕ್ಟೋಬರುಗಳ ಮಳೆಗೂ ಗಂಟು ಬಿದ್ದಿದೆ. ಇರುವ ಕೆಲವೇ ಕೆಸರಿನ ದಿನಗಳು ಗಾಡಿ ಹೊಲಕ್ಕಿಳಿಯಲೇಬೇಕಾದ ದಿನಗಳಾಗಿರುತ್ತವೆ. ಕೊಳೆಯುವ ಬೆಳೆ ನೆಲ ಒಣಗುವವರೆಗೆ ಕಾಯುವುದಿಲ್ಲ.

ಇದಕ್ಕೆ ನಾಲ್ಕು ಚಕ್ರದ ಗಾಡಿಯೇ ಪರಿಹಾರವೆ? ಮುಂದಿನ ಅಚ್ಚಿಗೆ ಬಲವೊಯ್ಯುವ ದಂಡ, ಬಲವನ್ನು ಹಂಚುವ ಪೆಟ್ಟಿಗೆ ಮೊದಲಾದವುಗಳಿಂದ ಗಾಡಿಯ ಸ್ವಂತ ತೂಕ 100 ಕಿ.ಗ್ರಾಂ. ಹೆಚ್ಚಿತೆನ್ನೋಣ. ಕಾನೂನು ಒಪ್ಪುವ ಒಟ್ಟು ತೂಕ ಅಷ್ಟೇ ಆಗಿದ್ದರೆ ಪ್ರತಿ ಪ್ರಯಾಣದಲ್ಲಿಯೂ 50 ಕಿ.ಗ್ರಾಂ.ನ ಎರಡು ಚೀಲ ಈರುಳ್ಳಿ ಕಡಮೆ ಹೇರಬೇಕು. ವರ್ಷಕ್ಕೆ 200 ಪ್ರಯಾಣವಾದರೆ 400 ಚೀಲ, ಎಂದರೆ 20 ಟನ್ನು. ಹೆಚ್ಚಿನ ಬೆಲೆ, ಹೆಚ್ಚಿನ ಡೀಸೆಲು, ಹೆಚ್ಚಿನ ದುರಸ್ತಿ ಇವು ಬೇರೆ. ಕೆಸರಿನ ಹದಿನೈದಿಪ್ಪತ್ತು ದಿನ ಹೊಲದಿಂದ ಡಾಂಬರಿನವರೆಗೆ ಬಾಡಿಗೆಯ ಟ್ರಾಕ್ಟರಿನಲ್ಲಿ ಸಾಗಿಸಿ ಅಲ್ಲಿಂದ ಎರಡು ಚಕ್ರದ ಎಳೆತದ ಪಿಕಪ್ಪಿಗೆ ಹೇರುವುದೇ ಅಗ್ಗವೆಂದು ನಮ್ಮ ಅಭಿಪ್ರಾಯ. ನಮ್ಮ ರಸ್ತೆಗಳಲ್ಲಿ ಕಾಣುವ ಸಾಮಾನು ಸಾಗಣೆಯ ಪಿಕಪ್ಪುಗಳಲ್ಲಿ ಹೆಚ್ಚಿನವು ಹಿಂಚಕ್ರದ ಎಳೆತದವೇ ಆಗಿರುವುದು ಆಕಸ್ಮಿಕವಲ್ಲ. ಹೊಳಲ್ಕೆರೆಯ ಅಡಕೆ ತೋಟಗಳಲ್ಲಿ ತೇವ ಹೆಚ್ಚಾದರೂ ಕೆಂಪುಮಣ್ಣು ಎರೆಯಷ್ಟು ಜಾರುವುದಿಲ್ಲ. ಅಲ್ಲಿ ಗಾಡಿಯ ಉದ್ದ, ತಿರುಗಲು ಬೇಕಾದ ಸ್ಥಳ ಇವೇ ಹೆಚ್ಚು ಮುಖ್ಯ.

ನಾಲ್ಕು ಚಕ್ರದ ಗಾಡಿಯನ್ನೇ ಕೊಳ್ಳುವವರು ಇನ್ನೆರಡು ಸಂಗತಿಗಳನ್ನು ತಿಳಿದಿರಬೇಕು. ಅದರಲ್ಲಿ ಸಾಮಾನ್ಯವಾಗಿ ಒಂದು ತಗ್ಗುಗೇರು ಇರುತ್ತದೆ. ಎಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಮೊದಲ ಗೇರಿನಲ್ಲಿ ಗಾಡಿ ಗಂಟೆಗೆ 16.5 ಕಿ.ಮೀ. ಹೋಗುತ್ತದೆಂದು ಭಾವಿಸಿದರೆ, ಎರಡೂವರೆ ಪಟ್ಟಿನ ತಗ್ಗುಗೇರು ಹಾಕಿದಾಗ ಅದು 6.6 ಕಿ.ಮೀ.ಗೆ ಇಳಿಯುತ್ತದೆ, ಮನುಷ್ಯನ ಬಿರುನಡಿಗೆಗಿಂತ ತುಸು ಹೆಚ್ಚು. ಚಕ್ರಕ್ಕೆ ದೊರೆಯುವ ತಿರುಚುಬಲವೂ ಎರಡೂವರೆ ಪಟ್ಟಾಗುತ್ತದೆ. ಕೆಸರಿನಲ್ಲಿ ಈ ಹೆಚ್ಚಿನ ಬಲಕ್ಕೆ ಬೆಲೆಯಿಲ್ಲ, ಅಲ್ಲಿ ಮಿತಿ ಹಾಕುವುದು ನೆಲ. ಕಡಿದಾದ ಗುಡ್ಡವನ್ನು ಬ್ರೇಕು ಕಾಯಿಸದೆ ಇಳಿಯುವಾಗ ಮಾತ್ರ ಇದರ ಉಪಕಾರ ದೊಡ್ಡದು. ಎರಡನೆಯದಾಗಿ, ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರಡು ಅಚ್ಚುಗಳನ್ನೂ ಬಿಗಿಯಾಗಿ ಕೂಡಿಸುವ ಗಾಡಿಯಲ್ಲಿ ಈ ಅಂತರವನ್ನು ಸಡಿಲ ಮಣ್ಣು ನುಂಗಿಕೊಳ್ಳುತ್ತದೆ, ಒಣ ಡಾಂಬರು ನುಂಗಿಕೊಳ್ಳದು. ಆ ಎಳೆದಾಟವೆಲ್ಲ ದಂತಚಕ್ರಗಳ ಮೇಲೆ ಬೀಳುತ್ತದೆ. ಹೆದ್ದಾರಿಗೆ ಬಂದೊಡನೆ ಎರಡು ಚಕ್ರಕ್ಕೆ ಮರಳಬೇಕು.

ನಾಲ್ಕು ಚಕ್ರಗಳ ಎಳೆತವಿದ್ದರೆ ಗಾಡಿ ಬೇಗ ನಿಲ್ಲುತ್ತದೆ ಎಂಬ ಭ್ರಮೆಯೂ ಉಂಟು. ಬ್ರೇಕು ಎಲ್ಲ ಗಾಡಿಗಳಲ್ಲಿಯೂ ನಾಲ್ಕು ಚಕ್ರಗಳಿಗಿರುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಗಾಡಿಯು ಒಣ ಡಾಂಬರಿನಲ್ಲಿ ಬ್ರೇಕು ಒತ್ತಿದ ಮೇಲೆ ಸುಮಾರು 36 ಮೀಟರಿನಲ್ಲಿಯೂ, ಘರ್ಷಣಾಂಕ 0.4 ಇರುವ ಒದ್ದೆ ರಸ್ತೆಯಲ್ಲಿ ಸುಮಾರು 63 ಮೀಟರಿನಲ್ಲಿಯೂ ನಿಲ್ಲಬಹುದು. ಈ ಲೆಕ್ಕದ ಸೂತ್ರದಲ್ಲಿ ಎಳೆಯುವ ಚಕ್ರಗಳ ಸಂಖ್ಯೆಗೆ ಸ್ಥಾನವೇ ಇಲ್ಲ.

ಇಲ್ಲಿಂದ ದರ್ಜೆಗಳ ಪ್ರಶ್ನೆಗೆ ಬರೋಣ. ಹೆಚ್ಚಿನ ಬೆಲೆ ಎಂದರೆ ಹೆಚ್ಚು ಹೊರುವ ಗಾಡಿ ಎಂದೇನೂ ಅಲ್ಲ. ಶ್ರೀಸಿಟಿಯ ಕಾರ್ಖಾನೆಯಿಂದ 2016ರಲ್ಲಿ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಮಾರ್ಚ್ 2022ರಲ್ಲಿ 33.99 ಲಕ್ಷ ರೂಪಾಯಿಯ ಆರಂಭದ ಬೆಲೆಗೆ ಪ್ರಕಟವಾದ ಟೊಯೋಟಾ ಹೈಲಕ್ಸ್, ಇವು ಮುಖ್ಯವಾಗಿ ಐದು ಜನ ಸುಖವಾಗಿ ಕುಳಿತು ಹೋಗುವ ಗಾಡಿಗಳು. ಅವುಗಳ ಬೆಲೆಯ ಒಂದು ಭಾಗದಲ್ಲಿ ದೊರೆಯುವ ಬೊಲೆರೊ ಪಿಕಪ್ಪಿನಂಥ ಗಾಡಿ ಅವೆರಡಕ್ಕಿಂತ ಹೆಚ್ಚು ಭಾರ ಹೊರುತ್ತದೆ.

ಸಾಮಾನು ಸಾಗಣೆಯ ಗಾಡಿಗಳಲ್ಲಿ ದರ್ಜೆಯ ಮುಖ್ಯ ವ್ಯತ್ಯಾಸವಿರುವುದು ಹೊರೆಯ ಮಿತಿಯಲ್ಲಿ ಮತ್ತು ಹಿಂಬದಿಯ ಉದ್ದದಲ್ಲಿ. ಹೆಚ್ಚು ಹೊರುವ ದರ್ಜೆಗೆ ಬಿರುಸಾದ ಕಮಾನು ಪಟ್ಟಿಗಳನ್ನು ಹಾಕಿರುತ್ತಾರೆ. ಪಟ್ಟಿ ಬಿರುಸಾದಷ್ಟೂ ಹಗುರವಾದ ಹೊರೆ ಕುಣಿಯುತ್ತದೆ. ಹೊಸದುರ್ಗದ ದಾಳಿಂಬೆಯ ಪೆಟ್ಟಿಗೆಗಳನ್ನು ಅರೆಹೊರೆಯಾಗಿ ಒಯ್ಯುವವರು ಅತ್ಯಧಿಕ ಭಾರದ ದರ್ಜೆಯನ್ನು ಕೊಂಡರೆ, ದಾರಿಯ ಗುಂಡಿಗಳ ಪೆಟ್ಟೆಲ್ಲ ಹಣ್ಣಿಗೆ ಮುಟ್ಟುತ್ತದೆ. ಅವರಿಗೆ ಬೇಕಾದುದು ಉದ್ದವಾದ ಹಿಂಬದಿ, ಮೃದುವಾದ ಪಟ್ಟಿ. ಭೀಮಸಮುದ್ರದ ಕಡೆಗೆ ಅಡಕೆ ಚೀಲ ತುಂಬಿ ಸಾಗಿಸುವವರಿಗೆ ಇದರ ಚಿಂತೆಯಿಲ್ಲ.

ಉಳಿದ ಸೌಕರ್ಯಗಳಲ್ಲಿ ಬಣ್ಣದ ಪಟ್ಟೆ, ಹೊಳೆಯುವ ಚಕ್ರ, ಹಾಡಿನ ಪೆಟ್ಟಿಗೆ ಇವುಗಳನ್ನು ನಾವು ಧಾರಾಳವಾಗಿ ಬಿಡಬಹುದು. ಪವರ್ ಸ್ಟೀರಿಂಗು, ಚಾಲಕನ ಏರ್‌ಬ್ಯಾಗು, ಚಕ್ರ ಸೆರೆಬೀಳದಂತೆ ನೋಡಿಕೊಳ್ಳುವ ಎ.ಬಿ.ಎಸ್. ಬ್ರೇಕು ಯಾವ ದರ್ಜೆಯಲ್ಲಿವೆ ಎಂಬುದನ್ನು ಮಾತಿನಲ್ಲಿ ಕೇಳದೆ ಮುದ್ರಿತ ಪಟ್ಟಿಯಲ್ಲಿ ನೋಡಬೇಕು. ಹಿರಿಯೂರಿನಿಂದ ರಾತ್ರಿ ಹೊರಟು ಬೆಳಗಿನ ಮಾರುಕಟ್ಟೆ ಮುಟ್ಟುವ ಚಾಲಕನಿಗೆ ಒಳ್ಳೆಯ ಆಸನ ಭೋಗವಲ್ಲ.

ಆಸನಗಳ ವಿಚಾರದಲ್ಲಿ ಇನ್ನೊಂದು ಮಾತು. ಕೂಲಿಯವರನ್ನು ಹಿಂಬದಿಯಲ್ಲಿ ನಿಲ್ಲಿಸಿಕೊಂಡು ಹೊಲಕ್ಕೆ ಒಯ್ಯುವ ಪದ್ಧತಿ ನಮ್ಮಲ್ಲಿದೆ. ಕಾನೂನು ಅದನ್ನು ಒಪ್ಪುವುದಿಲ್ಲ. ಬಲವಿಜ್ಞಾನವಂತೂ ಇನ್ನೂ ಕಠಿಣ. ನಿಂತ ಮನುಷ್ಯರ ಗುರುತ್ವಕೇಂದ್ರವು ಈರುಳ್ಳಿ ಚೀಲದ ಗುರುತ್ವಕೇಂದ್ರಕ್ಕಿಂತ ಬಹಳ ಮೇಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ, ಗಾಡಿ ಮಗುಚಿದರೆ ತಡೆಯಲು ಏನೂ ಇರುವುದಿಲ್ಲ. ದಿನವೂ ನಾಲ್ಕು ಜನರನ್ನು ಕರೆದೊಯ್ಯಬೇಕಾದವರು ಎರಡು ಸಾಲು ಆಸನದ ಗಾಡಿಯನ್ನೇ ಕೊಳ್ಳಬೇಕು, ಹಿಂಬದಿ ಅಷ್ಟು ಚಿಕ್ಕದಾದರೂ ಸರಿಯೆ.

ವಿದ್ಯಾರ್ಥಿಗಳು ಬಿಡಿಸಲೆಂದು ಒಂದು ಲೆಕ್ಕ. ಮೇಲಿನ ಕೆಸರಿನ ಉದಾಹರಣೆಯಲ್ಲಿ ಹೊರೆಯು ಎರಡು ಅಚ್ಚುಗಳಿಗೂ ಹಂಚಿಹೋಗಿದ್ದುದರಿಂದ 434 ಕಿ.ಗ್ರಾಂ. ಬೇಕಾಯಿತು. ಮರಳಿನ ಚೀಲಗಳನ್ನು ಸರಿಯಾಗಿ ಹಿಂದಿನ ಅಚ್ಚಿನ ಮೇಲೆಯೇ ಇಟ್ಟರೆ ಎಷ್ಟು ಸಾಕು? ಉತ್ತರ 300 ಎಂದು ಬರಬೇಕು. ಅಚ್ಚಿಗಿಂತ ಇನ್ನೂ ಹಿಂದಕ್ಕೆ ಸರಿಸಿದರೆ ಇನ್ನೂ ಕಡಮೆ ಸಾಕಾಗುವುದೆಂದು ಲೆಕ್ಕ ತೋರಿಸುತ್ತದೆ. ಹಾಗೆ ಮಾಡುವ ಮುನ್ನ, ಹಿಂದೆ ಭಾರ ಹೆಚ್ಚಾದ ಎತ್ತಿನ ಗಾಡಿಯ ಮೂಕಿ ಮೇಲೇಳುವುದನ್ನು ನೆನೆದು, ಪಿಕಪ್ಪಿನ ಮುಂದಿನ ಚಕ್ರಗಳ ಮೇಲೆ ಆಗ ಎಷ್ಟು ಭಾರ ಉಳಿಯುತ್ತದೆಂಬುದನ್ನೂ ಕಂಡುಹಿಡಿಯಿರಿ. ಗಾಡಿಯನ್ನು ತಿರುಗಿಸುವ ಚಕ್ರಗಳು ಅವೇ.