ಅಟ್ಟದ ಅಣಬೆಗೆ ಎಸಿ ಹಾಕಿಸುವ ಮುನ್ನ

ಮನೆಯ ಮೇಲಿನ ಶೀಟಿನ ಕೋಣೆಯಲ್ಲೋ ಖಾಲಿ ಬಿದ್ದ ಅಟ್ಟದಲ್ಲೋ ಸಿಂಪಿ ಅಣಬೆ ಬೆಳೆದು ನಾಲ್ಕು ಕಾಸು ನೋಡುವ ಲೆಕ್ಕಾಚಾರ ಫೆಬ್ರವರಿಯವರೆಗೆ ಸರಿಯಾಗಿಯೇ ಇರುತ್ತದೆ. ಈ ಅಣಬೆಗೆ ಬೇಕಾದದ್ದು 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ 80ರ ಮೇಲೆ ತೇವಾಂಶ. ಮಾರ್ಚ್ ಕಾಲಿಟ್ಟ ಮೇಲೆ ಶೀಟಿನ ಕೆಳಗೆ ಇವೆರಡೂ ಸಿಗುವುದಿಲ್ಲ. ಹುಲ್ಲಿನ ಚೀಲದಲ್ಲಿ ಬಿಳಿ ಎಳೆ ಹಬ್ಬುವ ಬದಲು ಹಸಿರು ಬೂಸ್ಟು ಹಿಡಿಯುತ್ತದೆ, ಮೂಡಿದ ಮೊಗ್ಗು ಕೈಗೆ ಬರುವ ಮೊದಲೇ ಒಣಗುತ್ತದೆ. ಆಗ ಮನೆಮಂದಿಗೆಲ್ಲ ಹೊಳೆಯುವ ಉಪಾಯ ಒಂದೇ, ಒಂದು ಟನ್ನಿನ ಎಸಿ. ನನ್ನ ವಾದ ಇಷ್ಟು: ಸಣ್ಣ ಬೆಳೆಗಾರರಿಗೆ ಎಸಿ ತಂಪು ಕೊಡುತ್ತದೆ, ಲಾಭ ಕೊಡುವುದಿಲ್ಲ. ದುಡ್ಡು ಮೊದಲು ಹೋಗಬೇಕಾದದ್ದು ಮಾಡಿನ ಮೇಲಕ್ಕೆ.

ಲೆಕ್ಕ ಹಾಕಿಯೇ ನೋಡೋಣ. ಹತ್ತಡಿಗೆ ಹತ್ತಡಿ ಕೋಣೆ, ತಲಾ ಒಂದು ಕಿಲೋ ಒಣ ಹುಲ್ಲಿನ 100 ಚೀಲ. ಕಿಲೋ ಹುಲ್ಲಿಗೆ 600 ಗ್ರಾಂ ಅಣಬೆ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೆ ಎರಡು ತಿಂಗಳ ಒಂದು ಸುತ್ತಿಗೆ 60 ಕಿಲೋ. ಕಿಲೋಗೆ ₹200 ಸಿಕ್ಕಿದರೆ ₹12,000, ಅಂದರೆ ತಿಂಗಳಿಗೆ ₹6,000. ಹುಲ್ಲು, ಬೀಜ, ಚೀಲ, ಹುಲ್ಲು ಬೇಯಿಸುವ ಗ್ಯಾಸು, ಅಂಗಡಿಗೆ ತಲುಪಿಸುವ ಪೆಟ್ರೋಲು ಕಳೆದು ಅರ್ಧ ಉಳಿದರೆ ಪುಣ್ಯ. ಈಗ ಎಸಿ ದಿನಕ್ಕೆ 10 ಯೂನಿಟ್ ಎಳೆಯಿತೆನ್ನಿ. ತಿಂಗಳಿಗೆ 300 ಯೂನಿಟ್. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿಸಿ ಯೂನಿಟ್‌ಗೆ ₹7 ಹಿಡಿದರೆ ₹2,100. ಬಹಳಷ್ಟು ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಗೃಹಜ್ಯೋತಿಯನ್ನು ಮರೆಯುತ್ತಾರೆ. ಸರಾಸರಿ 120 ಯೂನಿಟ್ ಬಳಸುವ ಮನೆಗೆ ಇವತ್ತು ಬಿಲ್ಲು ಸೊನ್ನೆ. ತಿಂಗಳ ಬಳಕೆ 200 ದಾಟಿತೆಂದರೆ ಯೋಜನೆಯ ನಿಯಮದಂತೆ ಪೂರ್ತಿ ಬಿಲ್ಲನ್ನು ಮನೆಯವರೇ ಕಟ್ಟಬೇಕು. ಆಗ 420 ಯೂನಿಟ್‌ಗೆ ₹2,940. ಅಣಬೆಯಿಂದ ಉಳಿಯಬೇಕಿದ್ದ ₹3,000 ಅಲ್ಲಿಗೆ ಜಮಾ. ಎಸಿಯ ಬೆಲೆ, ಸ್ಟೆಬಿಲೈಜರ್, ವರ್ಷದ ಸರ್ವಿಸು ಇನ್ನೂ ಲೆಕ್ಕಕ್ಕೇ ಬಂದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದು ನಿಜ. ಆದರೆ ಕೊಳ್ಳುವುದು ಒಂದು ಸಲ, ಬಿಲ್ಲು ಬರುವುದು ಪ್ರತಿ ತಿಂಗಳು.

ಇಷ್ಟಕ್ಕೂ ಶಾಖ ಬರುವುದು ಎಲ್ಲಿಂದ? ಬೇಸಿಗೆಯ ನಡುಮಧ್ಯಾಹ್ನದ ಬಿಸಿಲು ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಶಾಖ ಸುರಿಯುತ್ತದೆ. ನೂರು ಚದರಡಿ ಮಾಡಿನ ಮೇಲೆ ಅದು ಒಂಬತ್ತು ಕಿಲೋವ್ಯಾಟ್. ಒಂದು ಟನ್ನಿನ ಎಸಿ ಹೊರಗೆ ಹಾಕಬಲ್ಲದ್ದು ಮೂರೂವರೆ ಕಿಲೋವ್ಯಾಟ್. ಬಿದ್ದದ್ದೆಲ್ಲ ಒಳಗೆ ಇಳಿಯುವುದಿಲ್ಲ, ಸರಿ. ಆದರೂ ತುಕ್ಕು ಹಿಡಿದ ಕಪ್ಪು ಶೀಟಿನ ಕೆಳಗೆ ಎಸಿ ಓಡಿಸುವುದೆಂದರೆ ಒಲೆ ಉರಿಸಿಟ್ಟು ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದ ಹಾಗೆ. ಅದೇ ಮಾಡಿಗೆ ಅಂಟು ಬೆರೆಸಿದ ಸುಣ್ಣವನ್ನು ಎರಡು ಕೈ ಬಳಿದರೆ ಬಿಸಿಲಿನ ಬಹುಪಾಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಅದರ ಮೇಲೆ ಒಂದಡಿ ಸಂದು ಬಿಟ್ಟು ಬಿದಿರಿನ ಚೌಕಟ್ಟಿಗೆ ಶೇಡ್ ನೆಟ್ ಕಟ್ಟಿದರೆ ಶೀಟಿಗೂ ನೆಟ್ಟಿಗೂ ನಡುವೆ ಗಾಳಿ ಆಡುತ್ತದೆ. ನೆಟ್ಟನ್ನು ಕೋಣೆಯ ಒಳಗೆ ಕಟ್ಟುವವರಿದ್ದಾರೆ. ಶಾಖ ಒಳಗೆ ಬಂದ ಮೇಲೆ ನೆರಳು ಮಾಡಿ ಏನು ಪ್ರಯೋಜನ? ಸರ್ಕಾರಗಳೂ ಈ ದಾರಿ ಹಿಡಿದಿವೆ: ತೆಲಂಗಾಣ 2023ರಲ್ಲಿ ತಂಪು ಮಾಡುಗಳಿಗೆಂದೇ ನೀತಿ ತಂದಿತು. ಆರ್‌ಸಿಸಿ ತಾರಸಿಯ ಸ್ವಭಾವ ಮಾತ್ರ ಬೇರೆ. ಶೀಟು ಸಂಜೆಗೆ ತಣ್ಣಗಾಗುತ್ತದೆ, ಕಾಂಕ್ರೀಟು ಹಗಲಿನ ಬಿಸಿಯನ್ನು ರಾತ್ರಿಗೆ ಬಿಡುತ್ತದೆ. ಹಾಗಾಗಿ ತಾರಸಿಯ ಕೆಳಗಿನ ಕೋಣೆಗೆ ಸುಣ್ಣದ ಜೊತೆ ರಾತ್ರಿಯಿಡೀ ಓಡುವ ಸಣ್ಣ ಎಕ್ಸಾಸ್ಟ್ ಫ್ಯಾನೂ ಬೇಕು. 40 ವ್ಯಾಟಿನ ಫ್ಯಾನು ಹತ್ತು ಗಂಟೆಗೆ ಅರ್ಧ ಯೂನಿಟ್ಟೂ ತಿನ್ನುವುದಿಲ್ಲ, ಬೆಂಗಳೂರಿನ ಏಪ್ರಿಲ್ ರಾತ್ರಿಯ 22 ಡಿಗ್ರಿ ಗಾಳಿಗೆ ಬಿಲ್ಲಿಲ್ಲ.

ಮಾಡಿನ ಕೆಲಸ ಮುಗಿದ ಮೇಲೂ ಉಳಿಯುವ ಬಿಸಿಗೆ ಒದ್ದೆ ಗೋಣಿತಾಟು. ಹಳೆಯ ಉಪಾಯ ಎಂದು ಮೂಗು ಮುರಿಯುವವರು ಅದರ ಲೆಕ್ಕ ನೋಡಬೇಕು. ಒಂದು ಲೀಟರ್ ನೀರು ಆರುವಾಗ ಯೂನಿಟ್ಟಿನ ಮೂರನೇ ಎರಡರಷ್ಟು ಶಾಖವನ್ನು ಹೀರುತ್ತದೆ. ಗಾಳಿ ಬರುವ ಕಡೆ ತೂಗುಹಾಕಿದ ತಾಟುಗಳಿಂದ ದಿನಕ್ಕೆ 20 ಲೀಟರ್ ಆರಿದರೆ 13 ಯೂನಿಟ್‌ನಷ್ಟು ಶಾಖ ಹೋಯಿತು, ಅಂದರೆ ಒಂದು ಟನ್ನಿನ ಎಸಿ ಪೂರ್ತಿ ದುಡಿದರೆ ನಾಲ್ಕು ಗಂಟೆ ಮಾಡುವ ಕೆಲಸ. ಜೊತೆಗೆ ಅಣಬೆಗೆ ಬೇಕಾದ ತೇವವೂ ಬಂತು. ಎಸಿ ಮಾಡುವುದು ಇದಕ್ಕೆ ತಿರುಗಮುರುಗ. ಅದು ಗಾಳಿಯ ತೇವ ಹಿಂಡಿ ಹೊರಗೆ ಹಾಕುತ್ತದೆ, ನೀವು ಹ್ಯುಮಿಡಿಫೈಯರ್ ತಂದು ಅದನ್ನೇ ಮತ್ತೆ ಒಳಗೆ ತುಂಬಬೇಕು. ಒಂದೇ ನೀರಿಗೆ ಎರಡು ಸಲ ಕರೆಂಟು! ಅಣಬೆಗೆ ಹೊಸ ಗಾಳಿಯೂ ಬೇಕು. ಕಿಟಕಿ ಮುಚ್ಚಿಟ್ಟರೆ ಕಾಂಡ ಉದ್ದವಾಗಿ ಕೊಡೆ ಕಿರಿದಾಗುತ್ತದೆ, ತೆರೆದರೆ ದುಡ್ಡು ಕೊಟ್ಟು ತಂದ ತಂಪು ಬೀದಿಗೆ ಹೋಗುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಕೆಲವು ಗಟ್ಟಿಯಾಗಿಯೇ ಇವೆ. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ ಎನ್ನುತ್ತಾರೆ. ಹೋಗಲಿ, ವರ್ಷವರ್ಷದ ಖರ್ಚೆಂದೇ ಬರೆದುಕೊಳ್ಳಿ, ಎಸಿಯ ಒಂದು ತಿಂಗಳ ಬಿಲ್ಲಿಗಿಂತ ಅದು ಕಡಿಮೆಯೇ. ಬಾಡಿಗೆ ಮನೆಯಾದರೆ ಮಾಡು ಮುಟ್ಟಲು ಮಾಲೀಕರು ಬಿಡದಿರಬಹುದು, ಆದರೆ ನೆಟ್ಟು ಮತ್ತು ಬಿದಿರನ್ನು ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿಗೇ ಪರದಾಟ ಎಂಬ ಮಾತಿಗೆ ಆರ್‌ಒ ಯಂತ್ರ ಚೆಲ್ಲುವ ನೀರು ಉತ್ತರ. ಗೋಣಿಗೆ ಅದು ಧಾರಾಳವಾಗಿ ಆಗುತ್ತದೆ. ಸೋಲಾರ್ ಹಾಕಿಸಿದರೆ ಎಸಿ ಪುಕ್ಕಟೆಯಲ್ಲವೇ? ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ ₹78,000 ಸಹಾಯಧನವಿದೆ, ಪ್ಯಾನೆಲ್ ಮಾಡಿಗೆ ನೆರಳನ್ನೂ ಕೊಡುತ್ತದೆ. ಆದರೆ ಎಸಿ ತಿಂದ ಪ್ರತಿ ಯೂನಿಟ್ಟು ಗ್ರಿಡ್ಡಿಗೆ ಹೋಗಿ ನಿಮ್ಮ ಖಾತೆಗೆ ಜಮೆಯಾಗಬಹುದಾಗಿದ್ದ ಯೂನಿಟ್ಟು. ಅದನ್ನು ಪುಕ್ಕಟೆ ಎನ್ನಲಾಗದು.

ನನ್ನ ವಾದ ನಿಜಕ್ಕೂ ಸೊರಗುವುದು ಕರಾವಳಿಯಲ್ಲಿ. ಮಂಗಳೂರು, ಉಡುಪಿಯ ಗಾಳಿ ಮೊದಲೇ ತೇವದಿಂದ ತುಂಬಿರುವಾಗ ಗೋಣಿ ಆರುವುದೇ ಇಲ್ಲ. ಕಲಬುರಗಿಯಲ್ಲಿ ಗೋಣಿ ಬೇಗ ಆರುತ್ತದೆ, ಆದರೆ ರಾತ್ರಿ ಗಾಳಿಯೇ ಬಿಸಿ. ಇಂಥ ಕಡೆ ಬೆಳೆಯನ್ನೇ ಬದಲಿಸುವುದು ಅಗ್ಗದ ದಾರಿ. ಹಾಲು ಅಣಬೆಗೆ 30ರಿಂದ 35 ಡಿಗ್ರಿ ಹಿತ. ಚೀಲದ ಮೇಲೆ ಮಣ್ಣು ಹೊದಿಸುವ ಹೆಚ್ಚಿನ ಕೆಲಸವಿದೆ, ಫಸಲು ಸ್ವಲ್ಪ ತಡ. ಆದರೆ ಕೊಯ್ದ ಮೇಲೆ ಸಿಂಪಿ ಅಣಬೆಗಿಂತ ಹೆಚ್ಚು ದಿನ ಕೆಡದೆ ಉಳಿಯುತ್ತದೆ, ಬೇಸಿಗೆಯ ಮಾರಾಟದಲ್ಲಿ ಅದೇ ಅರ್ಧ ಲಾಭ. ಬೆಂಗಳೂರಿನವರೂ ಏಪ್ರಿಲ್, ಮೇ ತಿಂಗಳಿಗೆ ಇದನ್ನೇ ಬೆಳೆಯುವುದು ಲೇಸು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜವೂ ತರಬೇತಿಯೂ ಸಿಗುತ್ತವೆ. ಬೀಜಕ್ಕೆ ಜನವರಿಯಲ್ಲೇ ಹೇಳಿಡಿ, ಫೆಬ್ರವರಿ ಮುಗಿಯುವುದರೊಳಗೆ ಮಾಡಿಗೆ ಸುಣ್ಣ ಹೊಡೆಸಿ.