ಸೌದೆ ಮಿಷನ್: ಕೊಳ್ಳುವುದೋ, ಕರೆಸುವುದೋ?

ಸೌದೆ ಪುಕ್ಕಟೆ ಎನ್ನುವವರು ಸಾಮಾನ್ಯವಾಗಿ ಸೌದೆ ಒಟ್ಟಿದವರಾಗಿರುವುದಿಲ್ಲ. ತೋಟದ ಅಂಚಿನಲ್ಲಿ ಬಿದ್ದ ಮರ ಬಚ್ಚಲ ಒಲೆಯ ಬಾಯಿಗೆ ಬರುವಷ್ಟರಲ್ಲಿ ಕೊಯ್ಯುವವರಿಗೆ, ಸೀಳುವವರಿಗೆ, ಹೊರುವವರಿಗೆ ದುಡ್ಡು ಎಣಿಸಿ ಆಗಿರುತ್ತದೆ. ಸೀಳುವುದಕ್ಕೆ ಮನೆಯಲ್ಲೇ ಕೊಡಲಿ ಇದೆ, ಹೊರುವುದಕ್ಕೆ ಗಾಡಿ ಇದೆ. ಕೊಯ್ಯುವ ಕೆಲಸಕ್ಕೆ ಮಾತ್ರ ಮಲೆನಾಡಿನವರು ಈಗ ಪೂರ್ತಿಯಾಗಿ ಚೈನ್ ಸಾ ನಂಬಿದ್ದೇವೆ. ಇಬ್ಬರು ಎದುರುಬದುರು ಕೂತು ಎಳೆಯುವ ಗರಗಸ ಅಟ್ಟ ಸೇರಿತು. ಹಾಗಾಗಿ ಪ್ರತಿ ಮನೆಯಲ್ಲೂ ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಒಂದೇ ಚರ್ಚೆ: ನಾವೇ ಒಂದು ಮಿಷನ್ ತಗೊಂಡ್ರೆ ಹೇಗೆ?

ನಮ್ಮ ಮನೆಯ ಲೆಕ್ಕವನ್ನೇ ಮುಂದಿಡುತ್ತೇನೆ. ಬಚ್ಚಲ ಹಂಡೆಗೆ ದಿನವೂ ಬೆಂಕಿ ಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗುವುದೂ ಅದೇ ಒಲೆಯ ಕಾವಿನಲ್ಲಿ. ಅಡಿಕೆ ಬೇಯಿಸುವ ಒಲೆಯದು ಬೇರೆ. ಎಲ್ಲ ಸೇರಿ ವರ್ಷಕ್ಕೆ ಮೂರು ಟನ್ನಿನ ಆಸುಪಾಸು ಒಣ ಸೌದೆ. ಇಷ್ಟನ್ನು ಒಲೆಯ ಅಳತೆಗೆ ತುಂಡು ಮಾಡಲು ಮಿಷನ್ ನಿಜವಾಗಿ ಓಡುವುದು ವರ್ಷಕ್ಕೆ ಹದಿನೈದು ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಅಂಗಡಿಗೆ ಹೋಗುವ ಮೊದಲು ಗೊತ್ತಿರಬೇಕಾದ ಅಂಕಿ ಇದೊಂದೇ. ಸೀಸಿ, ಚೈನು ಓಡುವ ಪಟ್ಟಿ ಅಂದರೆ ಬಾರಿನ ಉದ್ದ, ಬ್ರಾಂಡು ಎಲ್ಲ ಆಮೇಲಿನ ಮಾತು.

ಮೊದಲು ಕರೆಸುವ ಲೆಕ್ಕ. ನಮ್ಮ ಕಡೆ ಮಿಷನ್ ಸಮೇತ ಬರುವವರ ದಿನದ ದರ ಎರಡು ಸಾವಿರ ರೂಪಾಯಿಯ ಸುತ್ತ ಇದೆ. ಪೆಟ್ರೋಲು, ಆಯಿಲು ಅವರದ್ದೇ. ಮೂರು ದಿನ ಹಿಡಿದರೆ 6,000 ರೂಪಾಯಿ.

ಇನ್ನು ಕೊಳ್ಳುವ ಲೆಕ್ಕ. ಹೆಸರಿರುವ ಕಂಪನಿಯ ಸಣ್ಣ ಮಿಷನ್‌ಗೆ 25,000 ಎಂದಿಟ್ಟುಕೊಳ್ಳಿ. ಹೆಲ್ಮೆಟ್, ಕಿವಿಮುಚ್ಚಿಗೆ, ಕಾಲುಗವಚ, ಕೈಗವಸಿಗೆ 7,000. ಎರಡೂ ಹತ್ತು ವರ್ಷ ಬಾಳಿದರೆ ವರ್ಷಕ್ಕೆ 3,200 ಬಿತ್ತು. ಹದಿನೈದು ಗಂಟೆಗೆ ಸುಮಾರು ಹತ್ತು ಲೀಟರ್ ಪೆಟ್ರೋಲು, ಅದಕ್ಕೆ ಬೆರೆಸುವ ಟೂ-ಟಿ ಆಯಿಲು, ಬಾರಿಗೆ ಸುರಿಯುವ ಚೈನ್ ಆಯಿಲು, ಒಂದು ಚೈನು, ಒಂದೆರಡು ಅರ: ಎಲ್ಲ ಸೇರಿ 3,000. ಇಲ್ಲಿಗೆ ಮೊತ್ತ 6,200. ಆದರೆ ಲೆಕ್ಕ ಇಲ್ಲಿಗೇ ನಿಲ್ಲಿಸಬಾರದು. 32,000 ರೂಪಾಯಿಯನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ಮೊದಲ ವರ್ಷವೇ 2,240 ಬಡ್ಡಿ ಬರುತ್ತಿತ್ತು. ಮಿಷನ್ನಿನ ಬೆಲೆ ವರ್ಷವರ್ಷ ಇಳಿಯುವುದರಿಂದ ಇದರ ಅರ್ಧ, ಅಂದರೆ 1,100 ಸೇರಿಸಿದರೆ ನ್ಯಾಯ. ಒಟ್ಟು 7,300. ನಮ್ಮ ಮೈ ನೋವಿಗೆ ಇದರಲ್ಲಿ ಕೂಲಿ ಹಾಕಿಲ್ಲ.

ಅಂದರೆ ನಮ್ಮಂಥ ಮನೆಗೆ ಸ್ವಂತ ಮಿಷನ್ ಬಾಡಿಗೆಗಿಂತ ದುಬಾರಿ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಮಿಷನ್ ಕೊಂಡ ನೆಂಟರೂ ಹೇಳುವುದಿಲ್ಲ. ಇಷ್ಟು ಗೊತ್ತಿದ್ದೂ ನಾನು ಕೊಂಡೆ. ಅದಕ್ಕೆ ಎರಡು ಕಾರಣ.

ಒಂದು, ಹೊತ್ತು. ಕೊಯ್ಲು ಮುಗಿದ ಮೇಲೆ ಊರಿಗೆಲ್ಲ ಒಟ್ಟಿಗೇ ಸೌದೆಯ ನೆನಪಾಗುತ್ತದೆ. ಮಿಷನ್ನಿನವರು ಇವತ್ತು ಬಂದೆ, ನಾಳೆ ಬಂದೆ ಎನ್ನುವಷ್ಟರಲ್ಲಿ ಯುಗಾದಿ ದಾಟುತ್ತದೆ. ಆಗ ಕೊಯ್ದ ಮರ ಮಳೆಗಾಲದೊಳಗೆ ಒಣಗುವುದಿಲ್ಲ. ಹಸಿಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಚೆನ್ನಾಗಿ ಒಣಗಿದ್ದರಲ್ಲಿ ಐದನೇ ಒಂದು ಭಾಗ. ಆ ನೀರನ್ನು ಆವಿ ಮಾಡಲು ಹೋಗುವ ಶಾಖ ಒಂದು ನಷ್ಟವಾದರೆ, ಅದಕ್ಕಿಂತ ದೊಡ್ಡದು ಹೊಗೆ. ಒಲೆ ಕಾಯದೆ ಸೌದೆಯಿಂದ ಹೊರಟ ಅನಿಲ ಉರಿಯದೇ ಆಚೆ ಹೋಗುತ್ತದೆ. ಮರದ ನೀರು ಮುಖ್ಯವಾಗಿ ಹೊರಡುವುದು ಕೊಯ್ದ ತುದಿಗಳಿಂದ. ಹಾಗಾಗಿ ಉದ್ದನೆ ದಿಮ್ಮಿಯಾಗಿ ಬಿದ್ದಿರುವ ಮರ ತಿಂಗಳುಗಟ್ಟಲೆ ಹಸಿಯೇ. ಒಂದೂವರೆ ಅಡಿಯ ತುಂಡು ಮಾಡಿ ಸೀಳಿ ಬಿಸಿಲಿಗಿಟ್ಟರೆ ಅದೇ ಮರ ಬೇಸಿಗೆ ಮುಗಿಯುವುದರೊಳಗೆ ಒಣ ಸೌದೆ. ಶಿವರಾತ್ರಿಯೊಳಗೆ ಕೊಯ್ದು ಮುಗಿಸುವ ಸ್ವಾತಂತ್ರ್ಯಕ್ಕೆ ನಾನು ಬೆಲೆ ಕಟ್ಟಿದೆ.

ಎರಡು, ಪಾಲು. ಪಕ್ಕದ ಮನೆಯವರೂ ಅರ್ಧ ದುಡ್ಡು ಹಾಕಿದರು. ವರ್ಷದ ಸ್ಥಿರ ಖರ್ಚು 4,300 ಇದ್ದದ್ದು ತಲಾ 2,150 ಆಯಿತು. ಅದಕ್ಕೆ ಅವರವರ ಪೆಟ್ರೋಲು, ಚೈನಿನ 3,000 ಸೇರಿಸಿದರೆ 5,150. ಈಗ ಬಾಡಿಗೆಗಿಂತ ಅಗ್ಗ. ವರ್ಷಕ್ಕೆ ಮೂವತ್ತು ಗಂಟೆ ಓಡುವುದರಿಂದ ಮಿಷನ್ನಿಗೆ ತೊಂದರೆಯಿಲ್ಲ. ಅದು ಕೆಡುವುದು ಓಡಿ ಅಲ್ಲ, ಓಡದೆ.

ಈಗ ಯಾವುದು ಎಂಬ ಪ್ರಶ್ನೆ. ಪೇಟೆಯಲ್ಲಿ ಮೂರು ಜಾತಿ ಸಿಗುತ್ತವೆ.

ಮೊದಲನೆಯದು, 58 ಸೀಸಿ, 22 ಇಂಚು ಬಾರ್ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದ, ಆರೇಳು ಸಾವಿರದ ಚೀನಾ ಮಿಷನ್. ಡಬ್ಬದ ಅಂಕಿಯನ್ನು ಹಾಗೇ ನಂಬಬೇಕಿಲ್ಲ. ಇಂಥ ಅನೇಕ ಮಿಷನ್‌ಗಳ ಸಿಲಿಂಡರಿನ ವ್ಯಾಸ 45.2 ಮಿಲಿಮೀಟರ್, ಪಿಸ್ಟನ್ನಿನ ಓಟ 34 ಮಿಲಿಮೀಟರ್; ಗುಣಿಸಿ ನೋಡಿದರೆ 54.6 ಸೀಸಿ. ಆದರೂ ಇದನ್ನು ಒಂದೇ ಮಾತಿಗೆ ತಳ್ಳಿಹಾಕಲಾರೆ. ಏಳು ಸಾವಿರದ್ದು ಮೂರು ವರ್ಷ ಬಾಳಿದರೆ ವರ್ಷಕ್ಕೆ 2,333; ಇಪ್ಪತ್ತೈದು ಸಾವಿರದ್ದು ಹತ್ತು ವರ್ಷ ಬಾಳಿದರೆ 2,500. ಬಿಡಿಭಾಗ ಅಗ್ಗ, ಒಂದರದು ಇನ್ನೊಂದಕ್ಕೆ ಕೂರುತ್ತದೆ. ಸ್ಪ್ಯಾನರ್ ಹಿಡಿಯಲು ಬರುವವರಿಗೆ ಇದು ನಷ್ಟದ ವ್ಯಾಪಾರವೇನಲ್ಲ. ನನಗೆ ಬೇಡವಾದದ್ದು ಅದರ ಭಾರಕ್ಕೆ. ಸೌದೆ ಕೊಯ್ಯುವುದೆಂದರೆ ಗಂಟೆಗಟ್ಟಲೆ ಬಗ್ಗಿ ಏಳುವ ಕೆಲಸ. ಒಂದಡಿ ದಪ್ಪದ ಅಕೇಶಿಯಾಕ್ಕೆ 22 ಇಂಚಿನ ಬಾರ್ ಬೇಕಿಲ್ಲ; ಉದ್ದ ಹೆಚ್ಚಿದಷ್ಟೂ ತುದಿ ನೆಲಕ್ಕೆ ತಾಗಿ ಚೈನು ಮೊಂಡಾಗುತ್ತದೆ.

ಎರಡನೆಯದು, ಹೆಸರಿರುವ ಕಂಪನಿಗಳ ಸಣ್ಣ ಪೆಟ್ರೋಲ್ ಮಿಷನ್. ಸ್ಟೀಲ್ (Stihl) ಕಂಪನಿಯ ಎಂಎಸ್ 180 ಇದಕ್ಕೆ ಉದಾಹರಣೆ: 31.8 ಸೀಸಿ, ಬಾರು ಚೈನು ಬಿಟ್ಟು ಸುಮಾರು ನಾಲ್ಕು ಕಿಲೋ. 14 ಅಥವಾ 16 ಇಂಚಿನ ಬಾರ್ ಸಾಕು; ಅದಕ್ಕಿಂತ ದಪ್ಪ ಕುಂಟೆಯಾದರೆ ಎರಡೂ ಕಡೆಯಿಂದ ಕೊಯ್ಯಬಹುದು. ಇಲ್ಲಿ ದುಡ್ಡು ಕೊಡುವುದು ಹೆಸರಿಗಲ್ಲ, ತಾಲ್ಲೂಕು ಪೇಟೆಯಲ್ಲಿ ರಿಪೇರಿ ಮಾಡುವವರಿದ್ದಾರೆ ಎಂಬುದಕ್ಕೆ. ಅದಿಲ್ಲವಾದರೆ ಯಾವ ಬ್ರಾಂಡೂ ಬೇಡ. ಬೇಡವೆನಿಸಿದ ದಿನ ಮಾರಿದರೆ ಒಂದಿಷ್ಟು ಬೆಲೆಯೂ ಬರುತ್ತದೆ.

ಮೂರನೆಯದನ್ನು ನಮ್ಮವರು ಕಣ್ಣೆತ್ತಿ ನೋಡುವುದೇ ಇಲ್ಲ: ವೈರು ಚುಚ್ಚಿ ಓಡಿಸುವ ವಿದ್ಯುತ್ ಗರಗಸ. ಸೌದೆಯನ್ನು ಲೋಡಿನಲ್ಲಿ ತರಿಸಿ ಅಂಗಳದಲ್ಲೇ ತುಂಡು ಮಾಡುವ ಮನೆಗೆ ನಿಜವಾಗಿ ಅಗ್ಗದ್ದು ಇದೇ. 2,000 ವ್ಯಾಟಿನದು ಗಂಟೆಗೆ ಎರಡು ಯೂನಿಟ್ ತಿಂದರೂ ಹದಿನೈದು ಗಂಟೆಗೆ ಮೂವತ್ತು ಯೂನಿಟ್. ಕಾರ್ಬುರೇಟರ್ ಇಲ್ಲ, ಆಯಿಲು ಬೆರೆಸುವ ಲೆಕ್ಕ ಇಲ್ಲ. ಆದರೆ ವೋಲ್ಟೇಜ್ ಸೊರಗುವ ಮನೆಯಲ್ಲಿ ಮೋಟಾರು ಬಿಸಿಯಾಗಿ ಸುಡುತ್ತದೆ, ಸಪೂರ ವೈರಿನಲ್ಲಿ ದೂರ ಎಳೆದರೂ ಅದೇ ಗತಿ. ಬೆಟ್ಟದಲ್ಲಿ, ತೋಟದಲ್ಲಿ ಕೊಯ್ಯುವ ನನಗೆ ಇದು ಹೊಂದಲಿಲ್ಲ. ಬ್ಯಾಟರಿಯವು ಗೆಲ್ಲು ಸವರುವುದಕ್ಕೆ ಸರಿ; ಮೂರು ಟನ್ ಸೌದೆಗೆ ಅಲ್ಲ.

ಯಾವುದನ್ನೇ ಕೊಳ್ಳಿ, ಕೊಯ್ಯುವುದು ಎಂಜಿನ್ನಲ್ಲ, ಹಲ್ಲು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮರ ಕೊಯ್ಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್, ಮೋಟಿನಲ್ಲಿದ್ದ ದುಂಬಿಯ ಹುಳು ಎಡಬಲ ದವಡೆಗಳಿಂದ ಮರ ಕೊರೆಯುತ್ತ ಹೋಗುವುದನ್ನು ಕಂಡ. ಅದೇ ಕ್ರಮದಲ್ಲಿ ಎಡಕ್ಕೊಂದು ಬಲಕ್ಕೊಂದು ಹಲ್ಲಿರುವ ಚೈನನ್ನು ರೂಪಿಸಿ, 1947ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಮಾರಾಟಕ್ಕಿಳಿದ. ಇಂದಿನ ಚೈನುಗಳೂ ಅದೇ ಮಾದರಿಯವು. ನಮ್ಮ ಕಾಫಿ ಗಿಡ ತಿನ್ನುವ ಬಿಳಿ ಕಾಂಡಕೊರಕ ಕೂಡ ಆ ಹುಳುವಿನ ಕುಟುಂಬದ್ದೇ. ಅದು ಎಷ್ಟು ಚೆನ್ನಾಗಿ ಕೊರೆಯುತ್ತದೆಂದು ಕಾಫಿ ಬೆಳೆದವರಿಗೆ ಹೇಳಬೇಕಿಲ್ಲ.

ಹಲ್ಲು ಹರಿತವಿದ್ದರೆ ಮಿಷನ್ನಿನಿಂದ ಚಕ್ಕೆ ಬೀಳುತ್ತದೆ. ಹಿಟ್ಟು ಬೀಳತೊಡಗಿದರೆ ನಿಲ್ಲಿಸಿ ಅರ ಹಾಕಬೇಕು. ಸಣ್ಣ ಮಿಷನ್‌ಗಳ ಕಿರಿದಾದ 3/8 ಚೈನಿಗೆ 4 ಮಿಲಿಮೀಟರಿನ ದುಂಡು ಅರ, ಸಾಮಾನ್ಯವಾಗಿ 30 ಡಿಗ್ರಿ ಓರೆ. ಇನ್ನೂರು ರೂಪಾಯಿ ಒಳಗಿನ ಈ ಅರ ಹಿಡಿಯಲು ಕಲಿತವರಿಗೆ ಚೈನು ಎರಡು ಪಟ್ಟು ಬಾಳುತ್ತದೆ, ಪೆಟ್ರೋಲೂ ಉಳಿಯುತ್ತದೆ. ಅಕೇಶಿಯಾದ ತೊಗಟೆಯಲ್ಲಿ ಮಣ್ಣು ಕೂತಿದ್ದರೆ ಕೊಯ್ಯುವ ಜಾಗದಲ್ಲಿ ಕತ್ತಿಯಿಂದ ಕೆರೆದುಬಿಡಿ.

ಇನ್ನು ಪೆಟ್ರೋಲು. ಒಳ್ಳೆಯ ಟೂ-ಟಿ ಆಯಿಲಾದರೆ ಲೀಟರಿಗೆ 20 ಎಂಎಲ್. ಚೀನಾ ಮಿಷನ್‌ಗಳ ಪುಸ್ತಕ ಹೆಚ್ಚಾಗಿ 40 ಕೇಳುತ್ತದೆ. ಪುಸ್ತಕದಲ್ಲಿ ಇದ್ದದ್ದನ್ನೇ ಮಾಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುತ್ತದೆ. ಅದು ನೀರಿನ ಪಸೆ ಹೀರುತ್ತದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರಿನ ಗಾಳಿಯಲ್ಲಿ ಪಸೆಗೇನು ಬರ? ಮಳೆಗೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ ಇಟ್ಟರೆ ಕಾರ್ಬುರೇಟರ್ ರಿಪೇರಿಯ ಖರ್ಚು ತಪ್ಪುತ್ತದೆ.

ಆ 7,000 ರೂಪಾಯಿಯ ಕವಚವನ್ನು ಉಳಿತಾಯದ ಪಟ್ಟಿಗೆ ಸೇರಿಸುವವರು ಬಹಳ. ಬಾರಿನ ಮೂತಿಯ ಮೇಲಿನ ಭಾಗ ಇನ್ನೊಂದು ಮರಕ್ಕೆ ತಾಗಿದರೆ ಮಿಷನ್ ಮುಖದ ಕಡೆಗೆ ಸಿಡಿಯುತ್ತದೆ. ಚೈನು ಸೆಕೆಂಡಿಗೆ ಸುಮಾರು ಇಪ್ಪತ್ತು ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಚೈನ್ ಬ್ರೇಕ್ ಕೆಲಸ ಮಾಡದ ಮಿಷನ್ನನ್ನು ಧರ್ಮಕ್ಕೆ ಕೊಟ್ಟರೂ ತರಬೇಡಿ. ಕಾಲುಗವಚದೊಳಗಿನ ನಾರು ಚೈನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತದೆ. ಆಸ್ಪತ್ರೆಯ ಒಂದು ರಾತ್ರಿಯ ಬಿಲ್ಲಿಗೆ ಹೋಲಿಸಿದರೆ ಇದರ ಬೆಲೆ ಏನೂ ಅಲ್ಲ. ನಿಂತ ಮರ ಕೆಡವುವುದಕ್ಕೆ ನಾನು ಇಂದಿಗೂ ಗೊತ್ತಿದ್ದವರನ್ನೇ ಕರೆಸುತ್ತೇನೆ. ನನ್ನ ಮಿಷನ್ ಬಿದ್ದ ಮರಕ್ಕೆ ಮಾತ್ರ. ಮಿಷನ್ ಬಂತೆಂದು ಮರ ಕಡಿಯುವ ಹಕ್ಕೂ ಬರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕು. ನೀಲಗಿರಿ, ಗಾಳಿಮರ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ದಂಡ ಕಟ್ಟಿದ ಮೇಲೆ ಸೌದೆಯ ಲೆಕ್ಕ ಸರಿದೂಗುವುದಿಲ್ಲ.

ಹೀಗಾಗಿ ನನ್ನ ಸೂತ್ರ ಸರಳ. ವರ್ಷಕ್ಕೆ ಮೂರು ದಿನ ಅಥವಾ ಅದಕ್ಕಿಂತ ಕಡಿಮೆ ಬಾಡಿಗೆ ಮಿಷನ್ ಕರೆಸುವವರು ಒಂಟಿಯಾಗಿ ಕೊಳ್ಳಬೇಡಿ. ಸರಿಯಾದ ಹೊತ್ತಿಗೆ ಬರುವ ಕೆಲಸಗಾರರು ಸಿಕ್ಕರೆ ಅವರಿಗೆ ಮುಂಗಡ ಕೊಟ್ಟು ದೀಪಾವಳಿಗೇ ದಿನ ಗೊತ್ತು ಮಾಡಿಕೊಳ್ಳಿ. ಪಾಲಿಗೆ ಒಂದು ಮನೆ ಸಿಕ್ಕರೆ, ಅಥವಾ ನಾಲ್ಕೈದು ದಿನದ ಕೆಲಸವಿದ್ದರೆ, ಸಣ್ಣ ಬಾರಿನ, ರಿಪೇರಿ ಸಿಗುವ ಮಿಷನ್ ಕೊಳ್ಳಿ. ಅಂಗಳದ ಸೌದೆಯಾದರೆ, ವೋಲ್ಟೇಜ್ ಗಟ್ಟಿಯಿದ್ದರೆ, ವಿದ್ಯುತ್ತಿನದೇ ಸಾಕು. ದರ ನಿಮ್ಮೂರಲ್ಲಿ ಬೇರೆ ಇರಬಹುದು. ನನ್ನ ಅಂಕಿ ಅಳಿಸಿ ನಿಮ್ಮದು ಬರೆದುಕೊಳ್ಳಿ, ಬಡ್ಡಿಯ ಸಾಲನ್ನು ಮಾತ್ರ ಅಳಿಸಬೇಡಿ.