ಗಣಕಜಾಲದಲ್ಲಿ ವಿಳಾಸ ಮತ್ತು ಮಾಸ್ಕ್

ಗಣಕಜಾಲದ ಪ್ರಾರಂಭಿಕ ಪರೀಕ್ಷೆಗೆ ಸಿದ್ಧರಾಗುವ ಅಭ್ಯರ್ಥಿಗಳಲ್ಲಿ ಹಲವರು ಐಪಿ ವಿಳಾಸವನ್ನು ಚೆನ್ನಾಗಿ ಅಭ್ಯಾಸ ಮಾಡಿ ಸಬ್‌ನೆಟ್ ಮಾಸ್ಕನ್ನು ಕಡೆಗಣಿಸುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ತೊಡಕು ತರುವುದು ಈ ಎರಡನೆಯದೇ.

1981ರಲ್ಲಿ ನಿರೂಪಿತವಾದ ಐಪಿ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸವು 32 ಬಿಟ್‌ಗಳದು. ಅದರಲ್ಲಿ ಜಾಲದ ಭಾಗ ಎಲ್ಲಿಗೆ ಮುಗಿದು ಯಂತ್ರದ ಭಾಗ ಎಲ್ಲಿಂದ ಆರಂಭವಾಗುತ್ತದೆಂಬುದನ್ನು ಮಾಸ್ಕ್ ತಿಳಿಸುತ್ತದೆ. ಒಂದು ಕಚೇರಿಯ ಎರಡು ಗಣಕಯಂತ್ರಗಳಿಗೆ 192.168.1.20 ಮತ್ತು 192.168.1.200 ಎಂಬ ವಿಳಾಸಗಳಿವೆ ಎನ್ನೋಣ. ಮಾಸ್ಕ್ 255.255.255.0 ಆಗಿದ್ದರೆ ಇವೆರಡೂ ಒಂದೇ ಜಾಲದವು, ನೇರವಾಗಿ ಸಂಪರ್ಕಿಸಬಲ್ಲವು. ಎರಡರಲ್ಲೂ ಮಾಸ್ಕಿನ ಕೊನೆಯ ಸಂಖ್ಯೆಯನ್ನು 128 ಎಂದು ಬದಲಿಸಿದೊಡನೆ ಜಾಲವು 0ಯಿಂದ 127, 128ರಿಂದ 255 ಎಂದು ಇಬ್ಭಾಗವಾಗುತ್ತದೆ. ಒಂದೇ ಸ್ವಿಚ್‌ಗೆ ಜೋಡಿಸಿದ್ದರೂ ನಡುವೆ ರೂಟರ್ ಇಲ್ಲದೆ ಅವು ಸಂಪರ್ಕಿಸಲಾರವು. ಇದನ್ನರಿಯದೆ ತಂತಿ ಬದಲಿಸುತ್ತ ದಿನ ಕಳೆಯುವ ಹೊಸಬರು ವಿರಳವಲ್ಲ! ತಂತಿಯನ್ನು ಶಂಕಿಸುವ ಮುನ್ನ ಎರಡೂ ಯಂತ್ರಗಳ ಮಾಸ್ಕನ್ನು ಪರಿಶೀಲಿಸತಕ್ಕದ್ದು.

ಪ್ರತಿ ಭಾಗದ ಮೊದಲ ವಿಳಾಸವು ಆ ಜಾಲವನ್ನೇ ಸೂಚಿಸುತ್ತದೆ. ಕೊನೆಯದು ಎಲ್ಲ ಯಂತ್ರಗಳಿಗೂ ಒಮ್ಮೆಲೇ ಕಳುಹಿಸುವ ಸಂದೇಶಕ್ಕೆ ಮೀಸಲು. ಆದಕಾರಣ 128 ವಿಳಾಸಗಳಲ್ಲಿ ಯಂತ್ರಗಳಿಗೆ ದೊರೆಯುವುವು 126 ಮಾತ್ರ.